ಸಹಾಯ ಬೇಕು: ಕಾರವಾರದಲ್ಲಿ ಅರ್ಧಕ್ಕೆ ನಿಂತ ಅಡುಗೆಮನೆ ಕೆಲಸ
ಎಲ್ಲರಿಗೂ ನಮಸ್ಕಾರ. ನಮ್ಮ ಹಳೆಯ ಚಿರೇಕಲ್ಲಿನ ಮನೆಯ ಅಡುಗೆಮನೆಯನ್ನು ಹೊಸದಾಗಿ ಮಾಡಿಸಲು ಗುತ್ತಿಗೆದಾರರೊಬ್ಬರಿಗೆ ವಹಿಸಿ, ಮುಕ್ಕಾಲು ಪಾಲು ಹಣವನ್ನೂ ಕೊಟ್ಟಾಗಿದೆ. ಸಿಂಕಿನ ಕೆಳಗಿನ ಕಪಾಟುಗಳಿಗೆ ಐಎಸ್ 710 (ಭಾರತೀಯ ಮಾನಕ) ಮುದ್ರೆಯ, ನೀರಿನ ತೇವ ತಾಳುವ ಮರೈನ್ ಪ್ಲೈವುಡ್ ಹಾಕುವುದೆಂದು ಮಾತಾಗಿತ್ತು. ಆದರೆ ಮಳೆಗಾಲದ ತೇವಕ್ಕೆ ಹಲಗೆಯ ಅಂಚು ಉಬ್ಬಿ ಪದರ ಬಿಟ್ಟುಕೊಂಡಾಗ, ಒಳಬದಿಯಲ್ಲಿ ನನಗೆ ಕಂಡದ್ದು ಸಾಮಾನ್ಯ ಬಳಕೆಯ ಐಎಸ್ 303 ಮುದ್ರೆ. ಗ್ರಾನೈಟ್ ಕಟ್ಟೆಯ ಇಳಿಜಾರೂ ಗೋಡೆಯ ಕಡೆಗಿದೆ. ಕೇಳಿದರೆ ‘ನಾಳೆ ಬರುತ್ತೇನೆ’ ಎನ್ನುತ್ತಿದ್ದವರು ಈಗ ಫೋನನ್ನೇ ಎತ್ತುತ್ತಿಲ್ಲ. ಎಪ್ಪತ್ತು ದಾಟಿದ ಅಮ್ಮ ಎರಡು ತಿಂಗಳಿಂದ ಹಿತ್ತಿಲ ಜಗಲಿಯಲ್ಲೇ ಅಡುಗೆ ಮಾಡುತ್ತಿರುವುದನ್ನು ನನ್ನಿಂದ ನೋಡಲಾಗುತ್ತಿಲ್ಲ. ಲಿಖಿತ ಕರಾರು ಇಲ್ಲ. ಬ್ಯಾಂಕ್ ಪಾವತಿಯ ದಾಖಲೆ ಹಾಗೂ ವಾಟ್ಸ್‌ಆ್ಯಪ್ ಸಂದೇಶಗಳಷ್ಟೇ ಇವೆ. ಇಂಥ ದಾಖಲೆಗಳನ್ನಿಟ್ಟುಕೊಂಡು ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಟ್ಟವರು ದಯವಿಟ್ಟು ತಮ್ಮ ಅನುಭವ ತಿಳಿಸಿ. ಉಳಿದ ಕೆಲಸ ಮುಗಿಸಿಕೊಡಬಲ್ಲ ನಂಬಿಕಸ್ಥ ಬಡಗಿ ಯಾರಾದರೂ ಗೊತ್ತಿದ್ದರೆ ಅದನ್ನೂ ತಿಳಿಸಬೇಕೆಂದು ಕೋರುತ್ತೇನೆ.