ದರೋಜಿ ಕರಡಿ ಫೋಟೋವನ್ನು ಡಿಜಿಟಲ್ ಪೇಂಟಿಂಗ್ ಮಾಡುವುದು ಹೇಗೆ? ಕೂದಲೆಲ್ಲ ಪ್ಲಾಸ್ಟಿಕ್ ಥರ ಕಾಣುತ್ತಿದೆ

ಸಂಡೂರು_ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ದರೋಜಿ ಕರಡಿಧಾಮದ ವೀಕ್ಷಣಾ ಗೋಪುರದಿಂದ ತೆಗೆದ ಫೋಟೋ ಒಂದಿದೆ, ಕೆಳಗೆ ಹಾಕಿದ್ದೇನೆ. ತಾಯಿ ಕರಡಿ ಬಂಡೆ ಇಳಿದು ಬರುತ್ತಿದೆ. ಬೆನ್ನ ಮೇಲೆ ಎರಡು ಮರಿ. ಮುಂದಿನ ಮರಿ ಅಮ್ಮನ ಹೆಗಲ ಕೂದಲನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದಿದೆ. ಹಿಂದಿನದು ಬೇರೆ ಕಡೆ ಮುಖ ತಿರುಗಿಸಿ ಕೂತಿದೆ.

ಇದನ್ನು ಎ3 ಸೈಜಿನಲ್ಲಿ ನಮ್ಮ ಸರ್ಕಾರಿ ಶಾಲೆಯ ಗ್ರಂಥಾಲಯದ ಗೋಡೆಗೆ ಹಾಕಬೇಕು ಅಂತ ಆಸೆ. ಆದರೆ ಸಂಜೆ ಬೆಳಕು, ಐಎಸ್‌ಒ 6400. ಕರಡಿ ದೂರ ಇದ್ದುದರಿಂದ ಕ್ರಾಪ್ ಮಾಡಿದ ಮೇಲೆ ಉಳಿದಿದ್ದು 2300 × 1600 ಪಿಕ್ಸೆಲ್. ಫೋಟೋ ಆಗಿಯೇ ಅಷ್ಟು ದೊಡ್ಡದಾಗಿ ಪ್ರಿಂಟ್ ಮಾಡಿದರೆ ಚೆನ್ನಾಗಿ ಬರುವುದಿಲ್ಲ. ಅದಕ್ಕೇ ಪೇಂಟಿಂಗ್ ಮಾಡೋಣ ಅಂದುಕೊಂಡೆ. ಫೋಟೋಶಾಪ್‌ನ ಆಯಿಲ್ ಪೇಂಟ್ ಫಿಲ್ಟರ್ ಹಾಕಿದರೆ ಮೈಯೆಲ್ಲ ಸುರುಳಿ ಸುರುಳಿ, ಮೇಲೊಂದು ಪ್ಲಾಸ್ಟಿಕ್ ಹೊಳಪು. ತಾಯಿ, ಮರಿ ಎಲ್ಲ ಸೇರಿ ಒಂದೇ ಕಪ್ಪು ಮುದ್ದೆ ಆಗುತ್ತಿದೆ.

ಇನ್ನೆರಡು ಪ್ರಶ್ನೆ. ಬಲಗಡೆ ಅಂಚಿನಲ್ಲಿ ಅರ್ಧ ಕತ್ತರಿಸಿದ ನವಿಲು ಇದೆ, ತೆಗೆಯಬಹುದಾ? ಹಿನ್ನೆಲೆಗೆ ಹಂಪಿಯ ಕಲ್ಲಿನ ರಥ ಸೇರಿಸಿದರೆ ಹೇಗಿರುತ್ತದೆ? ಎರಡೂ ನಮ್ಮ ಸೀಮೆಯವೇ ಅಲ್ವಾ.

ಬಣ್ಣದ_ಡಬ್ಬಿ:

ಮೇಷ್ಟ್ರೇ, ಫೋಟೋ ನೋಡಿದೆ. ಆ ಮರಿಯ ಮುಷ್ಟಿಯೇ ಈ ಚಿತ್ರದ ಜೀವ. ಮಿಕ್ಕಿದ್ದೆಲ್ಲ ಅದಕ್ಕೋಸ್ಕರ ಇರಬೇಕು. ಇದನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ. ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಅನ್ನುವುದು ಆಮೇಲೆ ತಾನಾಗಿ ಗೊತ್ತಾಗುತ್ತದೆ.

ಫಿಲ್ಟರ್‌ಗೆ ಕರಡಿಯೂ ಗೊತ್ತಿಲ್ಲ, ಬಂಡೆಯೂ ಗೊತ್ತಿಲ್ಲ. ಚಿತ್ರದಲ್ಲಿ ಅಂಚು ಯಾವ ಕಡೆ ಓಡುತ್ತದೋ ಆ ಕಡೆ ಬಣ್ಣ ಎಳೆಯುತ್ತದೆ, ಅಷ್ಟೇ. ನಾಯ್ಸ್, ಅಂದರೆ ಐಎಸ್‌ಒ ಏರಿಸಿದಾಗ ಬರುವ ಕಾಳು ಕಾಳು ಚುಕ್ಕೆ ಕೂಡ ಅದರ ಲೆಕ್ಕಕ್ಕೆ ಅಂಚೇ. ಅದಕ್ಕೇ ಕೂದಲಿಲ್ಲದ ಕಡೆಯೂ ಸುರುಳಿ ಬಂದಿದೆ. ಪ್ಲಾಸ್ಟಿಕ್ ಹೊಳಪಿಗೆ ಕಾರಣ ಅದರ ಲೈಟಿಂಗ್ ಆಯ್ಕೆ. ಆ ಟಿಕ್ ತೆಗೆದರೆ ಹೊಳಪು ಹೋಗುತ್ತದೆ. ಹಿಂದಿನ ಕುರುಚಲು ಗಿಡಗಳಿಗೆ ಬೇಕಾದರೆ ಫಿಲ್ಟರ್ ಇರಲಿ. ಕರಡಿಯ ಮೈಗೆ ಮಾತ್ರ ಬೇಡ. ಅಲ್ಲಿ ಕೈಯಿಂದಲೇ ಬಳಿಯಬೇಕು.

ಮೊದಲು ರಾ ಫೈಲ್‌ಗೆ, ಅಂದರೆ ಕ್ಯಾಮೆರಾ ಉಳಿಸಿದ ಮೂಲ ಫೈಲ್‌ಗೆ ವಾಪಸ್ ಹೋಗಿ. ಅದನ್ನು ತೆರೆದು ತಿದ್ದಲು ಡಾರ್ಕ್‌ಟೇಬಲ್ ಅನ್ನುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಅದರಲ್ಲಿ ನಾಯ್ಸ್ ತೆಗೆದು ಎರಡು ಪ್ರತಿ ಮಾಡಿಕೊಳ್ಳಿ. ಒಂದು ಮಾಮೂಲಿ ಬೆಳಕಿನದು. ಇನ್ನೊಂದರಲ್ಲಿ ಎಕ್ಸ್‌ಪೋಷರ್ ಎರಡು ಸ್ಟಾಪ್, ಅಂದರೆ ಬೆಳಕು ನಾಲ್ಕು ಪಟ್ಟು ಏರಿಸಿ. ಅದು ನೋಡಲು ಚೆನ್ನಾಗಿರುವುದಿಲ್ಲ, ಪರವಾಗಿಲ್ಲ. ಕಪ್ಪಿನೊಳಗೆ ಕೂದಲು ಎತ್ತ ಹೋಗಿದೆ ಅಂತ ನೋಡಿಕೊಳ್ಳಲು ಅದು ಬೇಕು. ಎರಡನ್ನೂ ಶಾರ್ಪನ್ ಮಾಡಬೇಡಿ.

ಆಮೇಲೆ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಕ್ರಿಟಾ ತೆರೆಯಿರಿ. ಇದೂ ಪುಕ್ಕಟೆ. ಎ3 ಅಡ್ಡಡ್ಡ, 300 ಡಿಪಿಐ ಅಂದರೆ 4961 × 3508 ಪಿಕ್ಸೆಲ್ ಹಾಳೆ. ಎರಡೂ ಪ್ರತಿಗಳನ್ನು ಹಿಗ್ಗಿಸಿ ಕೆಳಗಿನ ಲೇಯರ್‌ಗಳಲ್ಲಿ ಇಡಿ. ಮಸುಕಾಗುತ್ತದೆ, ಆಗಲಿ. ನಿಮ್ಮ ಬ್ರಷ್ ಗೀರುಗಳು ಹೊಸ ಸೈಜಿನಲ್ಲಿ ಬೀಳುತ್ತವೆ, ಪ್ರಿಂಟ್‌ನಲ್ಲಿ ಕಾಣುವುದು ಅವೇ.

ಕರಡಿ ಕಪ್ಪು ಅಂತ ಸೀದಾ ಕಪ್ಪು ಬಣ್ಣ ಹಚ್ಚಬೇಡಿ. ಬೆಳಕು ಏರಿಸಿದ ಪ್ರತಿಯಲ್ಲಿ ನೋಡಿ. ಬಿಸಿಲು ಬಿದ್ದ ಹೆಗಲು ಕಂದು, ಕೆಲವು ಕಡೆ ತುಕ್ಕಿನ ಬಣ್ಣ. ಹೊಟ್ಟೆಯ ಪಕ್ಕ ನೀಲಿ ಬೆರೆತ ಬೂದು. ನಿಜವಾದ ಕಪ್ಪು ಇರುವುದು ಕಂಕುಳಲ್ಲಿ, ಮತ್ತೆ ಮರಿಯ ಹೊಟ್ಟೆ ಅಮ್ಮನ ಬೆನ್ನಿಗೆ ತಾಗುವ ಸಂದಿನಲ್ಲಿ. ಈ ಮೂರು ಬಣ್ಣಗಳನ್ನು ದೊಡ್ಡ ಬ್ರಷ್‌ನಲ್ಲಿ ಹಾಕಿ. ಕೂದಲಿನ ಯೋಚನೆ ಈಗ ಬೇಡ. ಎಲ್ಲದರ ಮೇಲೆ ಒಂದು ಬೂದು ಲೇಯರ್ ಇಟ್ಟು ಅದರ ಬ್ಲೆಂಡಿಂಗ್ ಮೋಡ್ 'ಕಲರ್' ಮಾಡಿದರೆ ಚಿತ್ರ ಕಪ್ಪು ಬಿಳುಪಾಗಿ ಕಾಣುತ್ತದೆ. ಅಲ್ಲಿ ಮೂರು ಕರಡಿ ಬೇರೆ ಬೇರೆ ಕಂಡರೆ ಮುಂದುವರಿಯಿರಿ. ಮುದ್ದೆಯಾಗಿಯೇ ಕಂಡರೆ ಎಷ್ಟು ಕೂದಲು ಬಿಡಿಸಿದರೂ ಮುದ್ದೆಯೇ.

ಇನ್ನು ಕೂದಲು. ಈ ಜಾತಿಯ ಕರಡಿಗೆ ಕತ್ತು, ಹೆಗಲಿನ ಕಡೆ ಕೂದಲು ತುಂಬ ಉದ್ದ. ಕಿವಿಯ ಮೇಲೂ ಇಳಿಬಿದ್ದಿರುತ್ತದೆ. ಮೂತಿ ಮಾತ್ರ ಬೋಳು ಬೋಳು, ಮಾಸಲು ಬಿಳಿ. ಹಾಕಿದ ಬಣ್ಣವನ್ನು ತೀಡುವ ಸ್ಮಜ್ ಬ್ರಷ್‌ನಲ್ಲಿ ಮೊದಲು ಕೂದಲಿನ ಗೊಂಚಲು ಎಳೆಯಿರಿ. ಎಳೆ ಎಳೆಯಾಗಿ ಬಿಡಿಸುವುದು ಬೆನ್ನಿನ ಗೆರೆ ಬಂಡೆಯ ಬಿಸಿಲಿಗೆ ತಾಗುವ ಅಂಚಿನಲ್ಲಿ ಮಾತ್ರ. ಅಂಚು ಸರಿ ಬಂದರೆ ನಡುವೆಯೂ ಕೂದಲಿದೆ ಅಂತ ಕಣ್ಣು ಒಪ್ಪಿಕೊಳ್ಳುತ್ತದೆ.

ಮುಷ್ಟಿಗೆ ಜಾಸ್ತಿ ಹೊತ್ತು ಕೊಡಿ. ಅಲ್ಲಿ ಕೂದಲು ಕೆಳಗೆ ಬೀಳುವುದಿಲ್ಲ, ಸುತ್ತಲಿಂದ ಮುಷ್ಟಿಯ ಕಡೆಗೆ ಜಗ್ಗಿಕೊಂಡು ಬರುತ್ತದೆ. ಬೆರಳ ಸಂದಿನಲ್ಲಿ ಸ್ವಲ್ಪ ಉಬ್ಬುತ್ತದೆ. ಕೆಳಗೊಂದು ಚಿಕ್ಕ ನೆರಳು. ಮರಿ ಬೀಳದ ಹಾಗೆ ಹಿಡಿದಿದೆ ಅಂತ ನೋಡುವವರಿಗೆ ಅನ್ನಿಸುವುದು ಈ ಜಗ್ಗಿದ ಕೂದಲಿನಿಂದಲೇ. ಉಗುರು ಉದ್ದ, ಬಾಗಿದ್ದು, ಬಣ್ಣ ತಿಳಿ. ಫೋಟೋದಲ್ಲಿ ಎಷ್ಟು ಕಾಣುತ್ತವೋ ಅಷ್ಟೇ ಬಿಡಿಸಿ.

ನವಿಲು ತೆಗೆಯಿರಿ, ಧಾರಾಳವಾಗಿ. ಇದು ಪೇಂಟಿಂಗ್. ಅರ್ಧ ನವಿಲು ಕಣ್ಣನ್ನು ಮುಷ್ಟಿಯಿಂದ ಆಚೆ ಎಳೆಯುತ್ತದೆ. ಕಲ್ಲಿನ ರಥ ಮಾತ್ರ ದಯವಿಟ್ಟು ಬೇಡ. ಚಿತ್ರ ನೋಡುವವರು ಶಾಲೆಯ ಮಕ್ಕಳು. ಕರಡಿ ದೇವಸ್ಥಾನದ ಅಂಗಳದಲ್ಲಿ ಓಡಾಡುತ್ತದೆ ಅಂತ ಅವರು ನಂಬಿಬಿಡುತ್ತಾರೆ. ಅದರ ಮನೆ ಆ ಬಂಡೆಗಳ ಸಂದು, ಗುಹೆ, ಕುರುಚಲು ಕಾಡು. ನಿಮ್ಮ ಫೋಟೋದಲ್ಲಿ ಆ ಮನೆ ಆಗಲೇ ಇದೆ. ಅದನ್ನು ಮುಚ್ಚಿ ಬೇರೆ ತರುವುದು ಯಾಕೆ?

ಹಕ್ಕಿ_ನೋಟ:

ಮೇಲಿನ ಮಾತು ಎಲ್ಲ ಸರಿ. ಒಂದೇ ಒಂದು ಸೇರಿಸುತ್ತೇನೆ. ಮುಂದೆ ಯಾವತ್ತಾದರೂ ಇದನ್ನು ಫೋಟೋ ಸ್ಪರ್ಧೆಗೆ ಕಳಿಸುವ ಮನಸ್ಸಾದರೆ ನೇಚರ್, ವೈಲ್ಡ್‌ಲೈಫ್ ವಿಭಾಗಕ್ಕೆ ಕಳಿಸಬೇಡಿ. ಪಿಎಸ್‌ಎ, ಎಫ್‌ಐಎಪಿ, ಆರ್‌ಪಿಎಸ್ ಅನ್ನುವ ದೊಡ್ಡ ಫೋಟೋಗ್ರಫಿ ಸಂಸ್ಥೆಗಳು ಮೂರೂ ಸೇರಿ 2014ರಲ್ಲಿ ನೇಚರ್ ಫೋಟೋಗೆ ಒಂದೇ ವ್ಯಾಖ್ಯೆ ಮಾಡಿಕೊಂಡಿವೆ. ಚಿತ್ರಕ್ಕೆ ಏನನ್ನೂ ಸೇರಿಸುವ ಹಾಗಿಲ್ಲ, ಜಾಗ ಬದಲಿಸುವ ಹಾಗಿಲ್ಲ. ಕ್ರಾಪ್ ಬಿಟ್ಟರೆ ಏನನ್ನೂ ತೆಗೆಯುವ ಹಾಗೂ ಇಲ್ಲ. ನಾಯ್ಸ್, ಧೂಳಿನ ಚುಕ್ಕೆ ತೆಗೆಯಬಹುದು. ನವಿಲು ತೆಗೆದರೆ ಅಲ್ಲಿಗೆ ಮುಗಿಯಿತು. ಕ್ರಿಯೇಟಿವ್ ಅಂತ ವಿಭಾಗ ಇದ್ದರೆ ಅದರ ನಿಯಮ ಓದಿಕೊಂಡು ಕಳಿಸಿ. ಮೂಲ ರಾ ಫೈಲ್ ಮಾತ್ರ ಮುಟ್ಟದೆ ಬೇರೆ ಕಡೆ ಜೋಪಾನವಾಗಿಡಿ.

ಗೋಡೆಯ ಚಿತ್ರದ ಕೆಳಗೂ 'ಫೋಟೋ ಆಧರಿಸಿದ ಡಿಜಿಟಲ್ ಚಿತ್ರ' ಅಂತ ಬರೆಯಿರಿ. ಜೊತೆಗೆ 'ದರೋಜಿ ಕರಡಿಧಾಮ, ಸ್ಥಾಪನೆ 1994' ಅಂತ ಹಾಕಿದರೆ ಮಕ್ಕಳಿಗೂ ಉಪಯೋಗ.

ಸಂಡೂರು_ಮೇಷ್ಟ್ರು:

ತುಂಬ ಉಪಕಾರ ಆಯಿತು. ರಥದ ಯೋಚನೆ ಬಿಟ್ಟೆ. ಮಕ್ಕಳ ವಿಷಯ ನೀವು ಹೇಳಿದ್ದು ಮನಸ್ಸಿಗೆ ನಾಟಿತು.

ನನ್ನ ಹತ್ತಿರ ಇರುವುದು ಬರೀ ಮೌಸ್. ಪೆನ್ ಟ್ಯಾಬ್ಲೆಟ್ ಇಲ್ಲದೆ ಆಗುತ್ತದಾ? ಇನ್ನೊಂದು, ಕರಡಿ ಬರಲಿ ಅಂತ ಅಲ್ಲಿನ ಸಿಬ್ಬಂದಿ ಬಂಡೆಗೆ ಬೆಲ್ಲ ಹಚ್ಚುತ್ತಾರಲ್ಲ, ಅದರ ಕಲೆ ಫೋಟೋದಲ್ಲಿ ಚೆನ್ನಾಗಿಯೇ ಕಾಣುತ್ತಿದೆ. ಅದನ್ನೂ ಅಳಿಸಲಾ?

ಪ್ರಿಂಟ್_ಅಣ್ಣ:

ಸರ್, ನಾನು ಪ್ರಿಂಟಿಂಗ್ ಕೆಲಸ ಮಾಡುವವನು. ಕಪ್ಪು ಪ್ರಾಣಿಯ ಚಿತ್ರ ಅಂದರೆ ನಮಗೆ ಮೊದಲ ಹೆದರಿಕೆ ನೆರಳಿನದೇ. ಸ್ಕ್ರೀನ್‌ನಲ್ಲಿ ಕಾಣುವ ಗಾಢ ಕಂದು, ಗಾಢ ನೀಲಿ ಎಲ್ಲ ಮ್ಯಾಟ್ ಕಾಗದದ ಮೇಲೆ ಒಂದಾಗಿಬಿಡುತ್ತವೆ. ಮಾನಿಟರ್ ಬ್ರೈಟ್‌ನೆಸ್ ಇಳಿಸಿಕೊಂಡು ಕೆಲಸ ಮಾಡಿ. ಆಗ ನೆರಳಿಗೆ ಎಷ್ಟು ಬೆಳಕು ಬೇಕು ಅಂತ ಸರಿಯಾಗಿ ಗೊತ್ತಾಗುತ್ತದೆ. ಮುಷ್ಟಿ ಇರುವ ಭಾಗವನ್ನು ಮಾತ್ರ ಕತ್ತರಿಸಿ, ಪೂರ್ತಿ ಸೈಜಿನಲ್ಲೇ ಎ4 ಹಾಳೆಗೆ ಒಂದು ಟೆಸ್ಟ್ ಪ್ರಿಂಟ್ ತೆಗೆಸಿ. ಹಗಲು ಬೆಳಕಿನಲ್ಲಿ ನೋಡಿ, ಆಮೇಲೆ ದೊಡ್ಡದಕ್ಕೆ ಹೋಗಿ. ಗ್ರಂಥಾಲಯದಲ್ಲಿ ಕಿಟಕಿ ಎದುರಿನ ಗೋಡೆಯಾದರೆ ಗ್ಲಾಸಿ ಕಾಗದ ಬೇಡ, ಕಪ್ಪು ಜಾಗದಲ್ಲಿ ಕಿಟಕಿಯೇ ಕಾಣುತ್ತದೆ. ಅಂಗಡಿಯವರು ಬೇರೆ ಕೇಳದಿದ್ದರೆ ಎಸ್‌ಆರ್‌ಜಿಬಿ ಟಿಫ್ ಫೈಲ್ ಕೊಡಿ.

ಬಣ್ಣದ_ಡಬ್ಬಿ:

ಮೌಸ್‌ನಲ್ಲೂ ಆಗುತ್ತದೆ, ನಿಧಾನ ಅಷ್ಟೇ. ಮೌಸ್‌ಗೆ ಒತ್ತಡ ಗೊತ್ತಾಗುವುದಿಲ್ಲ, ಗೀರು ಶುರುವಿನಿಂದ ಕೊನೆವರೆಗೂ ಒಂದೇ ದಪ್ಪ. ಹಾಗಾಗಿ ದಪ್ಪ, ಮಧ್ಯಮ, ಸಣ್ಣ ಅಂತ ಮೂರು ಸೈಜ್ ಇಟ್ಟುಕೊಂಡು ಬದಲಿಸುತ್ತಾ ಹೋಗಿ. ಗೀರಿನ ತುದಿಯನ್ನು ಸ್ಮಜ್‌ನಿಂದ ಹೊರಗೆ ಎಳೆದರೆ ಕೂದಲಿನ ತುದಿ ಚೂಪಾಗುತ್ತದೆ. ಕ್ರಿಟಾದಲ್ಲಿ ಬ್ರಷ್ ಟೂಲ್ ಆರಿಸಿಕೊಂಡರೆ 'ಟೂಲ್ ಆಪ್ಷನ್ಸ್'ನಲ್ಲಿ ಸ್ಟೆಬಿಲೈಸರ್ ಇದೆ, ಅದನ್ನು ಆನ್ ಮಾಡಿ. ಕೈ ನಡುಕ ಗೀರಿಗೆ ಬರುವುದಿಲ್ಲ. ಯಾರದಾದರೂ ಪೆನ್ ಇರುವ ಆಂಡ್ರಾಯ್ಡ್ ಟ್ಯಾಬ್ ಸಿಕ್ಕಿದರೆ ಅದರಲ್ಲೂ ಕ್ರಿಟಾ ಓಡುತ್ತದೆ. ಮುಷ್ಟಿಯ ಭಾಗ ಅದರಲ್ಲಿ ಮಾಡಿಕೊಳ್ಳಿ.

ಬೆಲ್ಲದ ಕಲೆ ಅಳಿಸಬೇಡಿ. ಬಂಡೆಯ ಮೇಲೆ ಅದೊಂದು ಒದ್ದೆ ಕಂದು ಬಣ್ಣ, ಬಿಸಿಲಿಗೆ ಸ್ವಲ್ಪ ಮಿನುಗುತ್ತದೆ. ಕರಡಿಯ ಹೆಗಲಿನ ಕಂದಿಗೆ ಚೆನ್ನಾಗಿ ಹೊಂದುತ್ತದೆ. ಮಕ್ಕಳು ಅದೇನು ಅಂತ ಕೇಳಿಯೇ ಕೇಳುತ್ತಾರೆ. ಕರಡಿ ಯಾಕೆ ಹಗಲಲ್ಲೇ ಅಲ್ಲಿಗೆ ಬರುತ್ತದೆ ಅಂತ ನೀವು ಆಗ ಹೇಳಬಹುದು.

ಮೂರು ಬಣ್ಣ ಹಾಕಿದ ಕೂಡಲೇ ಒಂದು ಜೆಪಿಜಿ ಇಲ್ಲಿ ಹಾಕಿ ಮೇಷ್ಟ್ರೇ. ಕೂದಲು ಶುರು ಮಾಡುವ ಮೊದಲೇ ತಿದ್ದುವುದು ಸುಲಭ.