ಆರ್‌ಎನ್‌ಎ ‘ಸೀಳುತ್ತದೆ’ಯೋ, ‘ತುಂಡಾಗುತ್ತದೆ’ಯೋ?

ಎಲ್ಲರಿಗೂ ನಮಸ್ಕಾರ. ಹೆಪಟೈಟಿಸ್ ಡಿ ವೈರಸ್ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ‘ಕ್ಲೀವೇಜ್’ (ಎಳೆ ತುಂಡಾಗುವುದು) ಅಂತ ಬಂದಲ್ಲೆಲ್ಲ ‘ಸೀಳುವಿಕೆ’ ಅಂತ ಹಾಕಲು ಮನಸ್ಸು ಒಪ್ಪುತ್ತಿಲ್ಲ.

ಆಗುವುದು ಇಷ್ಟು. ಈ ವೈರಸ್‌ನ ಆರ್‌ಎನ್‌ಎ, ಅಂದರೆ ಅದರ ಆನುವಂಶಿಕ ಮಾಹಿತಿ ಹೊತ್ತ ಅಣು, ಸುಮಾರು 1,700 ಅಕ್ಷರಗಳ (ನ್ಯೂಕ್ಲಿಯೋಟೈಡ್‌ಗಳ) ಒಂಟಿ ಎಳೆ, ತುದಿಯೇ ಇಲ್ಲದ ಉಂಗುರ. ಎದುರುಬದುರಿನ ಅಕ್ಷರಗಳು ಜೋಡಿಯಾಗುವುದರಿಂದ ಉಂಗುರ ಚಪ್ಪಟೆಯಾಗಿ ಕಡ್ಡಿಯ ಆಕಾರಕ್ಕೆ ಬರುತ್ತದೆ. ಲಿವರ್ ಕೋಶದೊಳಗೆ ಅದನ್ನು ನಕಲು ಮಾಡುವುದು ಆ ಕೋಶದ್ದೇ ಪಾಲಿಮರೇಸ್ ಎಂಬ ಕಿಣ್ವ. ಅದು ನಿಲ್ಲದೆ ಸುತ್ತುತ್ತಾ ಹೋಗುತ್ತದೆ. ಹಾಗಾಗಿ ಪ್ರತಿಗಳು ಒಂದರ ಬಾಲಕ್ಕೆ ಇನ್ನೊಂದು ಅಂಟಿಕೊಂಡೇ ಹೊರಬರುತ್ತವೆ. ಪ್ರತಿಯೊಂದರಲ್ಲೂ ಸುಮಾರು 85 ಅಕ್ಷರಗಳ ಒಂದು ಭಾಗವಿದೆ, ರೈಬೋಜೈಮ್. ಅದು ಮಡಚಿಕೊಂಡು ತನ್ನ ಎಳೆಯನ್ನೇ ಗೊತ್ತಾದ ಒಂದು ಜಾಗದಲ್ಲಿ ಮುರಿಯುತ್ತದೆ. ಯಾವ ಪ್ರೋಟೀನಿನ ಸಹಾಯವೂ ಬೇಕಿಲ್ಲ! ಆಮೇಲೆ ತುದಿಗಳು ಸೇರಿ ಮತ್ತೆ ಉಂಗುರ.

ನಾವು ಸೀಳುವುದು ಸೌದೆಯನ್ನು, ಬಿದಿರನ್ನು. ಎರಡೂ ಉದ್ದುದ್ದಕ್ಕೆ. ‘ಆರ್‌ಎನ್‌ಎ ಸೀಳುತ್ತದೆ’ ಅಂದರೆ ಆ ಕಡ್ಡಿ ಉದ್ದಕ್ಕೆ ಎರಡಾಯಿತು ಅಂತಲೇ ಓದುಗರು ತಿಳಿಯುತ್ತಾರೆ, ಅಲ್ವಾ? ಡಿಎನ್‌ಎ ಎಳೆಗಳು ಬಿಚ್ಚಿಕೊಳ್ಳುವುದನ್ನು ಓದಿದವರಂತೂ ಖಂಡಿತ. ಇಲ್ಲಿ ಎಳೆ ತುಂಡಾಗುವುದು ಅಡ್ಡಕ್ಕೆ.

‘ಕತ್ತರಿಸು’ ಅಂದರೆ ಕತ್ತರಿಸುವವರು ಬೇರೆ ಇರಬೇಕು. ಹೆಪಟೈಟಿಸ್ ಸಿ ವಿಷಯದಲ್ಲಿ ಅದು ಸರಿ. ಅಲ್ಲಿ ಸುಮಾರು 3,000 ಅಮೈನೋ ಆಮ್ಲಗಳ ಉದ್ದನೆಯ ಪ್ರೋಟೀನನ್ನು ಕಿಣ್ವಗಳು 10 ಪ್ರೋಟೀನುಗಳಾಗಿ ಕತ್ತರಿಸುತ್ತವೆ. ಡಿ ವೈರಸ್‌ಗೆ ‘ತಾನಾಗಿ ತುಂಡಾಗು’ ಅನ್ನೋಣವೆಂದರೆ ಏನೋ ಸವೆದು ಹರಿದುಹೋದ ಹಾಗೆ ಕೇಳಿಸುತ್ತದೆ. ‘ಕಡಿದುಕೊಳ್ಳು’ ವಾಸಿ ಅನ್ನಿಸುತ್ತಿದೆ. ‘ಸ್ವಯಂವಿದಳನ’ ಮಾತ್ರ ದಯವಿಟ್ಟು ಬೇಡ, ಬೈಜಿಕ ವಿದಳನ ನೆನಪಾಗಿ ಬಾಂಬಿನ ಕಡೆ ಹೋಗುತ್ತೇವೆ.

ಇನ್ನೊಂದು, ‘ಪ್ರೊಸೆಸಿಂಗ್’. ‘ಸಂಸ್ಕರಣೆ’ ಅಂದ ಕೂಡಲೇ ನನಗೆ ಕೊಳಚೆ ನೀರು ಕಣ್ಣಮುಂದೆ ಬರುತ್ತದೆ. ಇಲ್ಲಿ ತುಂಡಾಗುವುದು, ಬೆಸೆಯುವುದು, ತಿದ್ದುವುದು ಎಲ್ಲ ಸೇರಿದೆ. ಕೋಶದ ಒಂದು ಕಿಣ್ವ ಆರ್‌ಎನ್‌ಎಯ ಒಂದೇ ಒಂದು ಅಕ್ಷರ ಬದಲಿಸುತ್ತದೆ. ಅದರಿಂದ ‘ಇಲ್ಲಿಗೆ ನಿಲ್ಲಿಸು’ ಎಂಬ ಗುರುತು ಅಳಿಸಿ, 195 ಅಮೈನೋ ಆಮ್ಲಗಳ ವೈರಸ್ ಪ್ರೋಟೀನು 214ಕ್ಕೆ ಬೆಳೆಯುತ್ತದೆ. ಇದಕ್ಕೆ ‘ತಿದ್ದು’ ಚೆನ್ನಾಗಿ ಒಪ್ಪುತ್ತದೆ, ಚರ್ಚೆ ಬೇಡ. ಒಟ್ಟು ಕೆಲಸಕ್ಕೆ ‘ಅಣಿಗೊಳಿಸು’ ಅನ್ನಬಹುದಾ?

ಬಯಾಲಜಿ ಪಾಠ ಮಾಡುವವರು ಕ್ಲಾಸಿನಲ್ಲಿ ಬಾಯಿಗೆ ಬರುವ ಮಾತನ್ನೇ ಬರೆಯಿರಿ. ‘ಕಟ್ ಆಗುತ್ತೆ’ ಅಂತಿದ್ದರೂ ಪರವಾಗಿಲ್ಲ.