ನೈಲಾನ್ ದುಬಾರಿ, ಬದಲಿಗೆ ಯಾವ ನೂಲು? ನೂಲು ಇಂಜಿನಿಯರ್ ಮೇಡಂ ಉತ್ತರಿಸ್ತಾರೆ

ಬೆಲ್ಟ್ ತಯಾರಕ: ಮೇಡಂ, ನೈಲಾನ್ ರೇಟು ಏರ್ತಾನೇ ಇದೆ ಅಂತ ಲಿಫ್ಟಿಂಗ್ ಬೆಲ್ಟಿಗೆ ಪಾಲಿಯೆಸ್ಟರ್ ಹಾಕಿದ್ವಿ. ಅದೇ ಡೆನಿಯರ್ (ಉದ್ದಕ್ಕೆ ನೂಲಿನ ತೂಕದ ಅಳತೆ), ಎಳೆದು ನೋಡಿದ್ರೆ ಅಷ್ಟೇ ಗಟ್ಟಿ. ಒಬ್ಬ ಗಿರಾಕಿ ಬಿಸಿ ಕಾಸ್ಟಿಕ್ ಸೋಡಾ (ಕಟು ಕ್ಷಾರ) ತೊಟ್ಟಿಯಿಂದ ಲೋಹದ ಭಾಗ ಎತ್ತೋಕೆ ಬಳಸ್ತಾರೆ. ಮೂರು ತಿಂಗಳಾದ ಮೇಲೆ "ಬೆಲ್ಟು ರೇಷ್ಮೆ ಥರ ಮೆತ್ತಗಾಗಿದೆ, ಚೆನ್ನಾಗಿ ಪಳಗಿದೆ" ಅಂದ್ರು. ಎಲ್ಲಾ ಆರ್ಡರಿಗೂ ಇದನ್ನೇ ಹಾಕಬಹುದಾ?

ನೂಲು ಇಂಜಿನಿಯರ್: ಆ ಬೆಲ್ಟುಗಳನ್ನ ಇವತ್ತೇ ನಿಲ್ಲಿಸೋಕೆ ಹೇಳಿ. ಪಳಗೋದೆಲ್ಲಿ ಬಂತು, ಕರಗ್ತಾ ಇದೆ. ಬಿಸಿ ಕಾಸ್ಟಿಕ್ ಪಾಲಿಯೆಸ್ಟರ್ ಎಳೆಯನ್ನ ಮೇಲ್ಮೈಯಿಂದ ಸವೆಸುತ್ತೆ. ಬಟ್ಟೆ ಮಿಲ್ಲಿನವರು ರೇಷ್ಮೆಯ ನಯ ಬರಲಿ ಅಂತ ಇದನ್ನ ಬೇಕಂತಲೇ ಮಾಡ್ತಾರೆ. ಸೀರೆಗೆ ಸರಿ, ತಲೆ ಮೇಲೆ ತೂಗಾಡೋ ಲೋಡಿಗಲ್ಲ. ಎಳೆಗಳು ಒಂದೇ ಸಮ ತೆಳ್ಳಗಾಗೋದ್ರಿಂದ ಜುಂಗು ಏಳಲ್ಲ, ಕಣ್ಣಿಗೆ ಬೆಲ್ಟು ಹೊಸದರ ಹಾಗೇ. ಹಳೇದು, ಹೊಸದು ಒಂದೊಂದು ಮೀಟರ್ ಕತ್ತರಿಸಿ ತೂಗಿ.
ಕ್ಷಾರಕ್ಕೆ ನೈಲಾನ್ ತಡೆಯುತ್ತೆ, ಆಸಿಡ್ಡಿಗೆ ಸೋಲುತ್ತೆ. ಪಾಲಿಯೆಸ್ಟರ್ ತದ್ವಿರುದ್ಧ. ಪಾಲಿಪ್ರೊಪಿಲೀನ್ ಎರಡನ್ನೂ ತಾಳುತ್ತೆ, ಆದ್ರೆ ಅದರ ಲಿಫ್ಟಿಂಗ್ ಬೆಲ್ಟ್ 80 ಡಿಗ್ರಿ ದಾಟಬಾರದು. ಅದಕ್ಕೇ ಲಿಫ್ಟಿಂಗ್ ಬೆಲ್ಟಿನ ಯುರೋಪಿನ ಮಾನದಂಡ ಇಎನ್ 1492ರಲ್ಲಿ ಲೇಬಲ್ ಬಣ್ಣ ಬೇರೆಬೇರೆ: ನೈಲಾನಿಗೆ ಹಸಿರು, ಪಾಲಿಯೆಸ್ಟರಿಗೆ ನೀಲಿ, ಪಾಲಿಪ್ರೊಪಿಲೀನಿಗೆ ಕಂದು. ನೀವು ಯಾವುದು ಹೊಲಿದ್ರಿ?

ಬೆಲ್ಟ್ ತಯಾರಕ: ಹಸಿರು ಸ್ಟಾಕ್ ಇತ್ತು ಮೇಡಂ…

ನೂಲು ಇಂಜಿನಿಯರ್: ಅಂದ್ರೆ ಗಿರಾಕಿ ನೈಲಾನ್ ಅಂತಲೇ ನಂಬಿ ಕಾಸ್ಟಿಕ್ಕಿಗೆ ಇಳಿಸ್ತಿದ್ದಾರೆ. ಮೊದಲು ಫೋನ್ ಮಾಡಿ, ಆಮೇಲೆ ಇಲ್ಲಿ ಬರೀರಿ.

ಹಗ್ಗದಂಗಡಿ: ನೈಲಾನ್ ರೇಟು ಯಾವಾಗ ಇಳಿಯುತ್ತೆ?

ನೂಲು ಇಂಜಿನಿಯರ್: ಜ್ಯೋತಿಷ್ಯ ಗೊತ್ತಿಲ್ಲ.

ಹಿರಿಯ ಸದಸ್ಯ: ಫಾರ್ವರ್ಡ್ ಬಂದಿದೆ: ರಾತ್ರಿಯಿಡೀ ವಿನೆಗರಿನಲ್ಲಿ ನೆನೆಸಿದ್ರೆ ಕಾಸ್ಟಿಕ್ ಸತ್ತು ಬೆಲ್ಟಿನ ಬಲ ವಾಪಸ್ ಬರುತ್ತಂತೆ.

ನೂಲು ಇಂಜಿನಿಯರ್: ಕರಗಿ ಹೋದ ನೂಲು ವಾಪಸ್ ಬರಲ್ಲ. ಇದನ್ನ ನಂಬಿ ಯಾರಾದ್ರೂ ಲೋಡ್ ಎತ್ತಿದ್ರೆ ಹೊಣೆ ಯಾರು? ಡಿಲೀಟ್ ಮಾಡಿ.

ಮಗ್ಗದವ: ಪಾಲಿಪ್ರೊಪಿಲೀನ್ ಹಗುರ. ಸಾಂದ್ರತೆ 0.91, ಪಾಲಿಯೆಸ್ಟರ್ 1.38. ಕಿಲೋಗೆ ಒಂದೂವರೆ ಪಟ್ಟು ಮೀಟರ್ ಸಿಗುತ್ತೆ, ಲೆಕ್ಕ ಹಾಕಿ.

ಖರೀದಿ ವಿಭಾಗ: ಡೆನಿಯರ್ ಅಂದ್ರೇನೇ 9000 ಮೀಟರಿನ ತೂಕ. ಡೆನಿಯರ್ ಒಂದೇ ಆದ್ರೆ ಮೀಟರೂ ಒಂದೇ, ನೂಲು ದಪ್ಪ ಬರುತ್ತೆ ಅಷ್ಟೇ.

ಮಗ್ಗದವ: ನಾನು ಹೇಳಿದ್ದು ಒಂದೇ ದಪ್ಪಕ್ಕೆ.

ಖರೀದಿ ವಿಭಾಗ: ಎಲ್ಲಿ ಹೇಳಿದ್ರಿ? ಮೇಲೆ ಓದಿ.

ಮಗ್ಗದವ: ಇಪ್ಪತ್ತು ವರ್ಷ ಮಗ್ಗ ಓಡಿಸಿದೀನಿ, ಎಕ್ಸೆಲ್ ಶೀಟ್ ಅಲ್ಲ.

ಹೊಸ ಸದಸ್ಯ: ಬಿಸಿಲಲ್ಲಿರೋ ಬಲೆಗೆ ಅರಾಮಿಡ್ (ಕೆವ್ಲಾರ್ ಥರದ ನೂಲು) ಆಗುತ್ತಾ?

ಹಗ್ಗದಂಗಡಿ: ಅಂದಾಜಾದ್ರೂ ಹೇಳಿ, ಯಾವಾಗ ಇಳಿಯುತ್ತೆ?

ಬೆಲ್ಟ್ ತಯಾರಕ: ಮೇಡಂ, ಕೆಲಸ ನಿಲ್ಸಿದ್ರು. ಒಂದು ತುಂಡು ತರಿಸಿ ತೂಗಿದೆ. ಹೊಸದು ಮೀಟರಿಗೆ 210 ಗ್ರಾಂ, ಅವರದ್ದು 168.

ನೂಲು ಇಂಜಿನಿಯರ್: ತೊಳೆದು ಒಣಗಿಸಿ ತೂಗಿದ್ರಾ?

ಬೆಲ್ಟ್ ತಯಾರಕ: ಇಲ್ಲ, ಬಂದ ಹಾಗೇ.

ನೂಲು ಇಂಜಿನಿಯರ್: ಹಾಗಾದ್ರೆ ಒಳಗೆ ಕೂತಿರೋ ಸೋಡಾ, ಕೊಳೆ ಎಲ್ಲಾ ಸೇರಿ 168. ಗ್ಲೌಸ್ ಹಾಕಿ ತೊಳೆದು ಮತ್ತೆ ತೂಗಿ.